ಡಿಯರ್ ಎಂದರೆ ಬರಿಯ ಜಿಂಕೆಯೇ?

ಷೇಕ್ಸ್‌ಪಿಯರ್ ಮಹಾಕವಿಯ ‘ಕಿಂಗ್ ಲಿಯರ್’ ನಾಟಕದಲ್ಲಿ ಹುಚ್ಚು ಭಿಕ್ಷುಕನ ವೇಷ ತಳೆದ ಎಡ್ಗರನು ತನ್ನ ದೈನ್ಯದ ಆಹಾರವನ್ನು ಬಣ್ಣಿಸುತ್ತ, ಇಲಿಗಳನ್ನೂ ‘ಡಿಯರ್’ಗಳ ಸಾಲಿಗೆ ಸೇರಿಸಿಬಿಡುತ್ತಾನೆ. ನಾಟಕವನ್ನೋದುವ ವಿದ್ಯಾರ್ಥಿಯು ಇಲ್ಲಿ ತಬ್ಬಿಬ್ಬಾಗುವುದು ಸಹಜ. ಇಲಿಯು ಜಿಂಕೆಯಾದುದು ಹೇಗೆ?

ಪ್ರಮಾದವು ಕವಿಯದಲ್ಲ, ಬದಲಾದುದು ಪದದ ಅರ್ಥ. ಪ್ರಾಚೀನ ಇಂಗ್ಲಿಷಿನಲ್ಲಿ ‘ಡೇಓರ್’ ಎಂದರೆ ಯಾವುದೇ ಕಾಡುಪ್ರಾಣಿ. ಅದರ ದಾಯಾದಿಗಳಾದ ಜರ್ಮನ್ ಭಾಷೆಯ ‘ಟೀರ್’, ಡಚ್ ಭಾಷೆಯ ‘ಡೀರ್’ ಪದಗಳಿಗೆ ಇಂದಿಗೂ ಪ್ರಾಣಿಯೆಂದೇ ಅರ್ಥ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಯಲ್ಲಿ ಫ್ರೆಂಚ್ ಭಾಷೆ ನೆಲಸಿತು. ‘ಬೀಸ್ಟ್’ ಎಂಬ ಪದ ಫ್ರೆಂಚಿನಿಂದ ಬಂದಿತು. ತರುವಾಯ ಲ್ಯಾಟಿನ್ನಿನಿಂದ ‘ಅನಿಮಲ್’ ಬಂದಿತು. ಲ್ಯಾಟಿನ್ನಿನ ‘ಅನಿಮ’ ಎಂದರೆ ಉಸಿರು. ಪ್ರಾಣವುಳ್ಳದ್ದು ಪ್ರಾಣಿ ಎಂಬಂತೆಯೇ ಆ ಪದವೂ ಹುಟ್ಟಿದೆ. ಹೀಗೆ ಹೊರಗಿನಿಂದ ಬಂದ ಅತಿಥಿಗಳು ನಡುಮನೆಯನ್ನು ಆಕ್ರಮಿಸಲು, ಮನೆಯೊಡೆಯನಾದ ‘ಡಿಯರ್’ ಒಂದು ಮೂಲೆಗೆ ಸರಿಯಬೇಕಾಯಿತು. ಬೇಟೆಗಾರರಿಗೆ ಅಚ್ಚುಮೆಚ್ಚಾದ ಜಿಂಕೆಯ ಜಾತಿಯೊಂದಕ್ಕೇ ಅದು ಮೀಸಲಾಯಿತು. ಆದರೂ ಹಳೆಯ ಅರ್ಥ ಪೂರ್ತಿ ಅಳಿಯಲಿಲ್ಲ. ನಿರ್ಜನಾರಣ್ಯವನ್ನು ಸೂಚಿಸುವ ‘ವಿಲ್ಡರ್‌ನೆಸ್’ ಪದದ ಒಡಲಲ್ಲಿ ಆ ಕಾಡುಪ್ರಾಣಿ ಇನ್ನೂ ಅಡಗಿ ಕುಳಿತಿದೆ.

ಕನ್ನಡಿಗರಿಗೆ ಇದೇನೂ ಹೊಸ ಸೋಜಿಗವಲ್ಲ. ಸಂಸ್ಕೃತದ ‘ಮೃಗ’ ಶಬ್ದದ ಕಥೆಯೂ ಇಂಥದೇ. ಋಗ್ವೇದದಲ್ಲಿ ಆನೆಯನ್ನು ‘ಕೈಯುಳ್ಳ ಮೃಗ’ ಎಂದು ಕರೆಯಲಾಗಿದೆ. ಅಂದರೆ ಅಲ್ಲಿ ಮೃಗವೆಂದರೆ ಕಾಡುಪ್ರಾಣಿ. ಮುಂದೆ ಅದಕ್ಕೆ ಜಿಂಕೆ ಎಂಬ ಅರ್ಥವೂ ಬಲವಾಯಿತು. ‘ಮೃಗಯಾ’ ಎಂದರೆ ಬೇಟೆ ಎಂಬುದನ್ನು ನೆನೆದರೆ, ಎರಡು ದೂರದ ನಾಡುಗಳಲ್ಲಿಯೂ ಬೇಟೆಗೂ ಈ ಪದಕ್ಕೂ ಇರುವ ನಂಟು ತಿಳಿಯುತ್ತದೆ. ಆದರೆ ಇಂಗ್ಲಿಷಿನಲ್ಲಿ ಹಳೆಯ ಅರ್ಥ ಮರೆಯಾದರೆ, ಕನ್ನಡದಲ್ಲಿ ಎರಡೂ ಒಟ್ಟಿಗೆ ಬಾಳುತ್ತಿವೆ. ಮೃಗಶಿರಾ ನಕ್ಷತ್ರದಲ್ಲಿರುವುದು ಜಿಂಕೆಯ ತಲೆ. ಮೃಗರಾಜನಾದ ಸಿಂಹವಾದರೋ ಸಕಲ ಪ್ರಾಣಿಗಳ ದೊರೆ. ಮೃಗಾಲಯದಲ್ಲಿ ಆನೆಗೂ ಹುಲಿಗೂ ಎಡೆಯುಂಟು.

ಆದಕಾರಣ ಪದಗಳನ್ನು ಬಳಸುವಾಗ ಎಚ್ಚರ ಅಗತ್ಯ. ‘ಮೃಗನಯನೆ’ ಎಂದು ಹೊಗಳಿದರೆ ಹಿಗ್ಗುವ ಮಡದಿಯನ್ನು ಬರಿಯ ‘ಮೃಗ’ವೆಂದು ಕರೆದು ನೋಡಿದ ಪತಿರಾಯನಿಗೆ, ಶಬ್ದಾರ್ಥದ ಇತಿಹಾಸವನ್ನು ವಿವರಿಸಲು ಅವಕಾಶ ದೊರೆಯುವುದು ಸಂದೇಹ!