ಬೂಟಿನ ಮೇಲಿನ ರುಜು

ಕಳೆದ ಸಂಚಿಕೆಯಲ್ಲಿ ಕೊಡೆಯ ಕಥೆಯಾಯಿತು. ಈ ಸಲ ತಲೆಯಿಂದ ನೇರವಾಗಿ ಕಾಲಿಗೆ ಇಳಿಯೋಣ.

ಕಾಲೇಜಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ತೊಡುವ ಒಂದು ಬಗೆಯ ಕ್ಯಾನ್‌ವಾಸ್ ಬೂಟನ್ನು ವಾಚಕರು ಕಂಡೇ ಇರುತ್ತೀರಿ. ಕಾಲಿನ ಹರಡಿನ ಬಳಿ ದುಂಡನೆಯ ಒಂದು ಬಿಲ್ಲೆ. ಅದರ ನಡುವೆ ನಕ್ಷತ್ರ. ಜೊತೆಗೆ ಒಂದು ರುಜು: ಚಕ್ ಟೇಲರ್. ಗುಮಾಸ್ತರಿಗೆ ಎಲ್ಲಿ ಹೋದರೂ ಮೊದಲು ರುಜು ನೋಡುವ ಚಾಳಿ. ಬೂಟಿಗೆ ರುಜು ಹಾಕಿದ ಈ ಪುಣ್ಯಾತ್ಮ ಯಾರು? ಕಾರ್ಖಾನೆಯ ಮಾಲಿಕನೇ? ಬೂಟನ್ನು ಕಂಡುಹಿಡಿದವನೇ? ಎರಡೂ ಅಲ್ಲ. ಆತನು ನಮ್ಮ ನಿಮ್ಮಂತೆ ತಿಂಗಳ ಸಂಬಳದ ನೌಕರ.

ಕಥೆ ರಬ್ಬರಿನಿಂದ ಮೊದಲಾಗಬೇಕು. ಹಸಿ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಸೆಟೆದು ಬಿರಿಯುತ್ತದೆ. ಅದಕ್ಕೆ ಗಂಧಕ ಬೆರೆಸಿ ಕಾಯಿಸಿದರೆ ಗಟ್ಟಿಯೂ ಆಗುತ್ತದೆ, ಬಾಗುವ ಗುಣವೂ ಉಳಿಯುತ್ತದೆ ಎಂಬುದನ್ನು ಅಮೇರಿಕದ ಚಾರ್ಲ್ಸ್ ಗುಡ್‌ಇಯರ್ ಎಂಬಾತನು 1839ರಲ್ಲಿ ಕಂಡುಕೊಂಡನು. 1844ರಲ್ಲಿ ಅದಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಆದರೂ 1860ರಲ್ಲಿ ತೀರಿಕೊಂಡಾಗ ಆತನಿಗೆ ಉಳಿದಿದ್ದುದು ಸಾಲ. ಇಂದು ಮೋಟಾರು ಟೈರಿನ ಮೇಲೆ ಆತನ ಹೆಸರಿದೆಯಲ್ಲ ಎಂದೀರಿ. ಆ ಕಂಪನಿಯನ್ನು ಬೇರೆಯವರು 1898ರಲ್ಲಿ ಸ್ಥಾಪಿಸಿ, ಗೌರವಕ್ಕೆಂದು ಈತನ ಹೆಸರಿಟ್ಟುಕೊಂಡರು. ಹೆಸರು ಈತನದು, ವ್ಯಾಪಾರ ಅವರದು!

ಕ್ಯಾನ್‌ವಾಸ್ ಬೂಟೂ ಈ ವಿದ್ಯೆಯ ಕೂಸೇ. ಹೊಲಿದ ಬಟ್ಟೆಗೆ ರಬ್ಬರಿನ ಅಟ್ಟೆ ಕೂರಿಸಿ, ಸುತ್ತಲೂ ರಬ್ಬರಿನ ಪಟ್ಟಿ ಹಚ್ಚಿ, ಇಡೀ ಬೂಟನ್ನು ಒಲೆಯಲ್ಲಿ ಬೇಯಿಸುತ್ತಾರೆ. ಬೆಂದ ಮೇಲೆ ಬಟ್ಟೆ, ರಬ್ಬರು ಒಂದಾಗಿಬಿಡುತ್ತವೆ.

ಇತ್ತ 1891ರ ಚಳಿಗಾಲದಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಮನೆಯೊಳಗೇ ಆಡಬಹುದಾದ ಹೊಸ ಆಟವೊಂದನ್ನು ಕಟ್ಟಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ತೂಗಿಹಾಕಿ, ಅದರೊಳಕ್ಕೆ ಚೆಂಡು ಎಸೆಯಬೇಕು. ಅದೇ ಬ್ಯಾಸ್ಕೆಟ್‌ಬಾಲ್. ನುಣುಪಾದ ಮರದ ನೆಲದ ಮೇಲೆ ಓಡಿ ಗಕ್ಕನೆ ನಿಲ್ಲುವ ಆಟ. ಜಾರದ ಬೂಟು ಬೇಕೇ ಬೇಕು. ಅದೇ ರಾಜ್ಯದ ಮಾಲ್ಡನ್ ಊರಿನಲ್ಲಿ ಮಾರ್ಕ್ವಿಸ್ ಕನ್ವರ್ಸ್ ಎಂಬವರು 1908ರಿಂದ ರಬ್ಬರು ಬೂಟಿನ ಕಾರ್ಖಾನೆ ನಡೆಸುತ್ತಿದ್ದರು. 1917ರಲ್ಲಿ ಅವರ ಕಂಪನಿ ಈ ಆಟಕ್ಕೆಂದೇ ಬೂಟು ಹೊರತಂದಿತು. ಮುಂದೆ ಅದಕ್ಕೆ 'ಆಲ್ ಸ್ಟಾರ್' ಎಂದು ಹೆಸರಾಯಿತು.

ಬೂಟೇನೋ ಸಿದ್ಧವಾಯಿತು, ಕೊಳ್ಳುವವರು ಬೇಡವೇ? 1920ರ ದಶಕದ ಆರಂಭದಲ್ಲಿ ಇಂಡಿಯಾನಾ ರಾಜ್ಯದ ಚಕ್ ಟೇಲರ್ ಎಂಬ ಆಟಗಾರ ತರುಣನು ಮಾರಾಟಗಾರನಾಗಿ ಕೆಲಸಕ್ಕೆ ಸೇರಿದನು. ಆತನ ವ್ಯಾಪಾರದ ಕ್ರಮವೇ ಬೇರೆ. ಕಾರಿನಲ್ಲಿ ಬೂಟು ತುಂಬಿಕೊಂಡು ಊರಿಂದೂರಿಗೆ ಹೋಗುವನು. ಶಾಲೆಯ ಆಟದ ಮೇಷ್ಟರ ಸ್ನೇಹ ಮಾಡಿಕೊಳ್ಳುವನು. ಹುಡುಗರನ್ನು ಸೇರಿಸಿ ಚೆಂಡು ಹಿಡಿಯುವುದು, ದಾಟಿಸುವುದು, ಗುರಿಯಿಡುವುದು ಇವುಗಳ ಪಾಠ ಹೇಳುವನು. ಬೂಟು ಬೇಕೆಂದವರನ್ನು ಆಯಾ ಊರಿನ ಅಂಗಡಿಗೆ ಕಳುಹಿಸುವನು. ಹೀಗೆ ದಶಕಗಳ ಕಾಲ ಅಲೆದನು. 1930ರ ದಶಕದಲ್ಲಿ ಕಂಪನಿ ಬಿಲ್ಲೆಯ ಮೇಲೆ ಆತನ ರುಜುವನ್ನೇ ಅಚ್ಚುಹಾಕಿತು.

ಎರಡನೆಯ ಮಹಾಯುದ್ಧದಲ್ಲಿ ಅಮೇರಿಕದ ಸಿಪಾಯಿಗಳು ಕಸರತ್ತಿಗೆ ಇದೇ ಬೂಟು ತೊಟ್ಟರು. 1962ರಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದ್ದೂ ಇದನ್ನು ತೊಟ್ಟೇ. ಕೋಟ್ಯಂತರ ಜೊತೆ ಮಾರಾಟವಾದರೂ ಟೇಲರನಿಗೆ ಜೊತೆಗಿಷ್ಟು ಎಂದು ಒಂದು ಕಾಸೂ ಇರಲಿಲ್ಲ. ಸಂಬಳ, ಮತ್ತು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟಿ.ಎ. ಬಿಲ್ಲು, ಅಷ್ಟೇ. 1969ರಲ್ಲಿ ಆತನು ತೀರಿಕೊಂಡನು.

ನಮ್ಮ ಕಚೇರಿಗಳಲ್ಲಿ ಕರಡು ಬರೆಯುವವರು ನಾವು, ರುಜು ಮೇಲಿನವರದು. ಟೇಲರನ ಪಾಡು ಇದಕ್ಕೆ ತಿರುಗುಮುರುಗು: ರುಜು ಆತನದು, ಲಾಭ ಮೇಲಿನವರದು. ಯಾವುದು ಮೇಲೆಂದು ವಾಚಕರೇ ತೀರ್ಮಾನಿಸಲಿ.

ಆದರೆ ರುಜುವೂ ಇಲ್ಲದ, ಲಾಭವೂ ಇಲ್ಲದ ಮೂರನೆಯವರೊಬ್ಬರಿದ್ದಾರೆ. 1970ರ ದಶಕದಲ್ಲಿ ಚರ್ಮದ ಹೊಸ ಬೂಟುಗಳು ಬಂದವು. ಆಟಗಾರರು ಕ್ಯಾನ್‌ವಾಸನ್ನು ಬಿಟ್ಟರು. ಹಾಡುಗಾರರೂ ವಿದ್ಯಾರ್ಥಿಗಳೂ ಅದನ್ನು ಕೈಹಿಡಿದರೂ ಕಂಪನಿ 2001ರಲ್ಲಿ ದಿವಾಳಿಯಾಯಿತು. ಅಮೇರಿಕದ ಕಾರ್ಖಾನೆಗೆ ಬೀಗ ಬಿತ್ತು. ತಯಾರಿಕೆ ಏಷ್ಯಾಕ್ಕೆ ಹೋಯಿತು. 2003ರಲ್ಲಿ ನೈಕಿ ಕಂಪನಿ 30 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಇದನ್ನು ಕೊಂಡಿತು. ಅಷ್ಟು ಬೆಲೆ ಬಂದದ್ದು ಬಹುಪಾಲು ಆ ನಕ್ಷತ್ರಕ್ಕೆ, ಆ ರುಜುವಿಗೆ. ಬಟ್ಟೆ ಹೊಲಿದವರು, ಒಲೆಯ ಮುಂದೆ ಬೆವರಿದವರು ಕೆಲಸ ಕಳೆದುಕೊಂಡು ಮನೆಗೆ ಹೋದರು. ಅವರ ಹೆಸರು ಯಾವ ಬಿಲ್ಲೆಯ ಮೇಲೂ ಇಲ್ಲ.

ನಮ್ಮಲ್ಲಿ ಕ್ಯಾನ್‌ವಾಸ್ ಬೂಟೆಂದರೆ ಡ್ರಿಲ್ಲಿನ ದಿನದ ಬಿಳಿಯ ಬೂಟು. ಕೊಳೆಯಾದರೆ ಸೀಮೆಸುಣ್ಣ ತೀಡಿ ಮೇಷ್ಟರ ಕಣ್ಣು ತಪ್ಪಿಸುತ್ತಿದ್ದ ಕಾಲವನ್ನು ಯಾರು ಮರೆತಾರು! ಅದನ್ನು ಮನೆಮನೆಗೆ ತಂದ ಬಾಟಾ ಎಂಬುದೂ ಒಬ್ಬರ ಮನೆತನದ ಹೆಸರೇ. 1894ರಲ್ಲಿ ಈಗಿನ ಚೆಕ್ ದೇಶದ ಜ್ಲಿನ್ ಊರಿನಲ್ಲಿ ಮೊದಲಾದ ಅಂಗಡಿ. 1930ರ ದಶಕದಲ್ಲಿ ಕೋಲ್ಕತ್ತದ ಬಳಿ ಬಾಟಾನಗರ ಎದ್ದಿತು. ದುಡಿಮೆ ಹುಡುಕಿಕೊಂಡು ಹಲವು ಕಡೆಯ ಜನ ಅಲ್ಲಿಗೆ ಹೋಗಿ ನೆಲೆಸಿದರು, ನಾವು ಈ ಊರಿಗೆ ಬಂದು ನೆಲೆಸಿದಂತೆ.

ಮಕ್ಕಳಿಗೆ ಹೊಸ ಬೂಟು ಕೊಡಿಸುವಾಗ, ಅದರ ಮೇಲಿನ ಹೆಸರು ಯಾರದೆಂದು ಅವರು ಕೇಳಿದರೆ ಟೇಲರನ ಕಥೆ ಹೇಳಿ. ಹಾಗೆಯೇ ಬೂಟನ್ನು ಒಮ್ಮೆ ಮಗುಚಿ, ಅದನ್ನು ಹೊಲಿದ ಕೈ ಯಾವುದಿರಬಹುದೆಂದು ನೀವೂ ಅವರನ್ನು ಕೇಳಿ.