ಮಿಷನರಿಯ ವಿಮೆಯಲ್ಲಿ ವಿಮಾನವೂ ಇರಬೇಕೆ?

ಮಂಗಳೂರು, ಬೆಂಗಳೂರಿನ ಕಾನ್ವೆಂಟು, ಸೆಮಿನರಿಗಳಿಂದ ಆಫ್ರಿಕಾದ ಮಿಷನ್ ಕೇಂದ್ರಗಳಿಗೆ ಹೋಗುವ ಸಿಸ್ಟರುಗಳು, ಫಾದರುಗಳು ಇದ್ದಾರೆ. ಹಳದಿ ಜ್ವರದ ಲಸಿಕೆ, ವೀಸಾ, ಟಿಕೆಟ್ಟು ಇವುಗಳ ಬಗ್ಗೆ ಯಾರಿಗೂ ತಕರಾರಿಲ್ಲ. ಆರೋಗ್ಯ ವಿಮೆಯ ಮಾತು ಬಂದಾಗ ಅಭಿಪ್ರಾಯ ಎರಡಾಗುತ್ತದೆ. ಕಾಯಿಲೆ ಬಿದ್ದವರನ್ನು ಏರ್ ಆಂಬ್ಯುಲೆನ್ಸಿನಲ್ಲಿ ಬೇರೆ ದೇಶಕ್ಕೆ ಸಾಗಿಸುವ ಅಂತರರಾಷ್ಟ್ರೀಯ ವಿಮೆಯನ್ನು ಹೊರಡುವ ಪ್ರತಿಯೊಬ್ಬರಿಗೂ ಕಡ್ಡಾಯ ಮಾಡಬೇಕೆ?

ಪರ: ಕಳಿಸಿದವರೇ ಹೊಣೆ

1828ರಲ್ಲಿ ಬಾಸೆಲ್ ಮಿಷನ್ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ನಾಲ್ವರು ಯುವಕರನ್ನು ಕಳಿಸಿತು. 1831 ಕಳೆಯುವಷ್ಟರಲ್ಲಿ ನಾಲ್ವರೂ ತೀರಿಕೊಂಡಿದ್ದರು. ಅಂದು ಅಂಥ ಸಾವನ್ನು ದೇವರ ಚಿತ್ತವೆಂದು ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಇಂದು ದಾರಿ ಇದೆ. ಇದ್ದೂ ಒದಗಿಸದಿದ್ದರೆ ಅದನ್ನು ನಾನು ಉದಾಸೀನ ಎಂದೇ ಕರೆಯುತ್ತೇನೆ.

"ಇಲ್ಲಿನ ಪಾಲಿಸಿ ಇದೆಯಲ್ಲ" ಎನ್ನುವ ಮಾತು ಬಹಳ ಕೇಳುತ್ತೇವೆ. ನಮ್ಮಲ್ಲಿ ಮಾರಾಟವಾಗುವ ಸಾಮಾನ್ಯ ಆರೋಗ್ಯ ಪಾಲಿಸಿಗಳು ಬಹುಮಟ್ಟಿಗೆ ಭಾರತದೊಳಗಿನ ಚಿಕಿತ್ಸೆಗೆ ಮಾತ್ರ ಹಣ ಕೊಡುತ್ತವೆ. ಪ್ರವಾಸಿ ವಿಮೆ ಇರುವುದು ಕೆಲವು ವಾರ, ತಿಂಗಳು ಸುತ್ತಿ ಬರುವವರಿಗೆ. ಮೊದಲೇ ಇದ್ದ ಕಾಯಿಲೆಯನ್ನು ಅದು ಸಾಮಾನ್ಯವಾಗಿ ಹೊರಗಿಡುತ್ತದೆ. ಐವತ್ತು ದಾಟಿದ, ಬಿಪಿ, ಶುಗರ್ ಇರುವ ಸಿಸ್ಟರ್ ಒಬ್ಬರು ಟಾಂಜಾನಿಯಾದ ಹಳ್ಳಿಯಲ್ಲಿ ಐದು ವರ್ಷ ಶಾಲೆ ನಡೆಸಲು ಹೊರಟರೆ ಇವೆರಡೂ ಉಪಯೋಗಕ್ಕೆ ಬರುವುದಿಲ್ಲ. ಹಾಗೆಂದು ಊರಿನ ಪಾಲಿಸಿಯನ್ನು ನಿಲ್ಲಿಸಲೂಬಾರದು. ಮರಳಿ ಬಂದು ಹೊಸದಾಗಿ ಮಾಡಿಸಿದರೆ ಹಳೆಯ ಕಾಯಿಲೆಗಳಿಗೆ ಮೂರು ವರ್ಷದವರೆಗೆ ಕಾಯಬೇಕಾದೀತು.

ಮಿಷನ್ ಆಸ್ಪತ್ರೆಗಳು ಎಷ್ಟೇ ಚೆನ್ನಾಗಿರಲಿ, ಮಣ್ಣು ರಸ್ತೆಯಲ್ಲಿ ಜೀಪು ಮಗುಚಿ ತಲೆಗೆ ಪೆಟ್ಟಾದಾಗ ಬೇಕಾಗುವ ಸಿಟಿ ಸ್ಕ್ಯಾನು, ನರಶಸ್ತ್ರಚಿಕಿತ್ಸಕರು ಅಲ್ಲಿ ಎಲ್ಲೆಡೆ ಸಿಗುವುದಿಲ್ಲ. ಪೂರ್ವ ಆಫ್ರಿಕಾದಲ್ಲಿ 1957ರಲ್ಲಿ ಫ್ಲೈಯಿಂಗ್ ಡಾಕ್ಟರ್ಸ್ ಸೇವೆ ಹುಟ್ಟಿದ್ದೇ ಈ ದೂರವನ್ನು ದಾಟಲು. ಇಂದು ಅದು ಅಮ್ರೆಫ್ ಹೆಸರಿನಲ್ಲಿ ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ನಡೆಯುತ್ತಿದೆ. 2014ರಲ್ಲಿ ಲೈಬೀರಿಯಾದಲ್ಲಿ ಎಬೋಲಾ ತಗುಲಿದ ಅಮೆರಿಕದ ಮಿಷನರಿಗಳಾದ ಡಾ. ಕೆಂಟ್ ಬ್ರಾಂಟ್ಲಿ ಮತ್ತು ನ್ಯಾನ್ಸಿ ರೈಟ್‌ಬೋಲ್ ಅವರನ್ನು ವಿಮಾನದಲ್ಲಿ ಅಟ್ಲಾಂಟಾದ ಎಮರಿ ಆಸ್ಪತ್ರೆಗೆ ಕರೆತಂದರು. ಇಬ್ಬರೂ ಬದುಕಿದರು.

ಧಾರ್ಮಿಕ ಸಭೆಯ ಸಾಮಾನ್ಯ ನಿಧಿ ಸಾಲದೇ ಎಂದು ಕೇಳುವವರು ಒಂದು ಲೆಕ್ಕ ಹಾಕಲಿ. ಜೊಹಾನ್ಸ್‌ಬರ್ಗಿನ ಖಾಸಗಿ ಆಸ್ಪತ್ರೆ ವಿಮೆಯಿಲ್ಲದ ವಿದೇಶಿ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ದೊಡ್ಡ ಮೊತ್ತದ ಅಡ್ವಾನ್ಸು ಕೇಳಬಹುದು. ರಾತ್ರಿ ಹನ್ನೊಂದಕ್ಕೆ ಸಭೆಯ ಪ್ರಾಂತ್ಯದ ಮುಖ್ಯಸ್ಥರಾದ ಪ್ರೊವಿನ್ಶಿಯಲ್ ಅವರು ಆ ಹಣವನ್ನು ಎಲ್ಲಿಂದ ಕಳಿಸಬೇಕು? ಒಬ್ಬರ ಐಸಿಯು ಬಿಲ್ಲಿಗೆ ನಾಲ್ಕು ಅನಾಥಾಲಯಗಳ ವರ್ಷದ ಖರ್ಚು ಕರಗಿಹೋದರೆ ಅದನ್ನು ಬಡತನದ ವ್ರತ ಎನ್ನಲಾಗದು. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯೇ, 281ನೇ ವಿಧಿಯಲ್ಲಿ, ಕಾಯಿಲೆ, ಅಶಕ್ತತೆ, ಮುಪ್ಪಿನ ಕಾಲಕ್ಕೆ ಗುರುಗಳಿಗೆ ತಕ್ಕ ನೆರವಿನ ವ್ಯವಸ್ಥೆ ಇರಬೇಕು ಎನ್ನುತ್ತದೆ.

ವಿರೋಧ: ವಿಮಾನ ಹತ್ತದವರ ಪ್ರಶ್ನೆ

ಎಬೋಲಾದ ಅದೇ ವರ್ಷ ಆಗಸ್ಟಿನಲ್ಲಿ ಲೈಬೀರಿಯಾದ ರಾಜಧಾನಿ ಮನ್ರೋವಿಯಾದ ಸೇಂಟ್ ಜೋಸೆಫ್ ಆಸ್ಪತ್ರೆಯಲ್ಲಿ ನಡೆದದ್ದನ್ನೂ ಹೇಳಬೇಕು. ಅಲ್ಲಿದ್ದ ಸ್ಪೇನಿನ ಗುರು ಮಿಗೆಲ್ ಪಹಾರೆಸ್ ಅವರನ್ನು, ಸ್ಪೇನಿನ ಪೌರತ್ವವಿದ್ದ ಸಿಸ್ಟರ್ ಹುಲಿಯಾನಾ ಅವರನ್ನು ಆ ದೇಶದ ಸರ್ಕಾರ ವಿಮಾನ ಕಳಿಸಿ ಮ್ಯಾಡ್ರಿಡ್‌ಗೆ ಕರೆಸಿಕೊಂಡಿತು. ಅದೇ ಆಸ್ಪತ್ರೆಯಲ್ಲಿ ರೋಗಿಗಳ ಸೇವೆ ಮಾಡುತ್ತಿದ್ದ ಕಾಂಗೋದ ಸಿಸ್ಟರ್ ಶಾಂತಾಲ್ ಪಾಸ್ಕಲಿನ್ ಮತ್ತು ಈಕ್ವಟೋರಿಯಲ್ ಗಿನಿಯ ಸಿಸ್ಟರ್ ಪಸಿಯೆನ್ಸಿಯಾ ಮೆಲ್ಗರ್ ಅಲ್ಲೇ ಉಳಿದರು. ಶಾಂತಾಲ್ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮ್ಯಾಡ್ರಿಡ್ ಸೇರಿದ ಫಾದರ್ ಪಹಾರೆಸ್ ಅವರೂ ಬದುಕಲಿಲ್ಲ. ಮನ್ರೋವಿಯಾದಲ್ಲೇ ಗುಣಮುಖರಾದ ಪಸಿಯೆನ್ಸಿಯಾ ಮುಂದೆ ಸ್ಪೇನಿಗೆ ಹೋಗಿ ರಕ್ತದ ಪ್ಲಾಸ್ಮಾ ಕೊಟ್ಟರು. ಸೋಂಕು ತಗುಲಿದ್ದ ಸ್ಪೇನಿನ ದಾದಿ ತೆರೆಸಾ ರೊಮೆರೊ ಅವರ ಚಿಕಿತ್ಸೆಗೆ ಅದು ಬಳಕೆಯಾಯಿತು.

ಆ ವಿಮಾನ ಸರ್ಕಾರದ್ದು, ವಿಮಾ ಕಂಪನಿಯದ್ದಲ್ಲ, ನಿಜ. ಯಾರಿಗೆ ವಿಮಾನ, ಯಾರಿಗೆ ಇಲ್ಲ ಎಂದು ಪಟ್ಟಿ ಮಾಡುವ ಕ್ರಮ ಮಾತ್ರ ಒಂದೇ. ಒಂದೇ ಮನೆಯಲ್ಲಿ ಉಂಡು, ಒಂದೇ ಪ್ರಾರ್ಥನೆ ಹೇಳುವ ಮಂಗಳೂರಿನ ಸಿಸ್ಟರಿಗೆ ವಿಮಾನದ ಪಾಲಿಸಿ, ಕೆನ್ಯಾದ ಕಿಸುಮುವಿನ ಸಿಸ್ಟರಿಗೆ ಏನೂ ಇಲ್ಲ ಎಂದಾದರೆ ಆ ಮನೆಯಲ್ಲಿ ಎರಡು ಪಂಕ್ತಿ ಹಾಕಿದಂತೆ. ಜಾತಿಯ ಪಂಕ್ತಿಭೇದವನ್ನು ಕಂಡ ನಮ್ಮ ಊರಿನವರಿಗೆ ಇದರ ನೋವನ್ನು ಬಿಡಿಸಿ ಹೇಳಬೇಕಿಲ್ಲ.

ಪಾಲಿಸಿಯ ಸಣ್ಣಕ್ಷರಗಳನ್ನೂ ಓದಬೇಕು. ರೋಗಿಯನ್ನು ಸಾಗಿಸಬೇಕೇ ಎಂದು ತೀರ್ಮಾನಿಸುವುದು ಕಂಪನಿಯ ವೈದ್ಯರು. ಸಾಗಿಸಿದರೂ ಸಾಮಾನ್ಯವಾಗಿ ಹತ್ತಿರದ ತಕ್ಕ ಆಸ್ಪತ್ರೆಗೇ ಹೊರತು ಮಂಗಳೂರಿಗಲ್ಲ. ಯುದ್ಧ, ದಂಗೆ ಅನೇಕ ಪಾಲಿಸಿಗಳ ಹೊರಗೆ ಉಳಿಯುತ್ತವೆ. ಮಿಷನರಿ ಇರುವುದು ಅಂಥ ಕಡೆಯೇ.

ಮಲೇರಿಯಾವನ್ನೇ ನೋಡಿ. ಅದರ ಫಾಲ್ಸಿಪಾರಮ್ ಎಂಬ ಬಗೆ ವಿಷಮಿಸಲು ಒಂದು ದಿನವೂ ಸಾಕು. ಆಗ ಪ್ರಾಣ ಉಳಿಸುವುದು ಪಕ್ಕದ ಆಸ್ಪತ್ರೆಯಲ್ಲಿ ತಕ್ಷಣ ಸಿಗುವ ಆರ್ಟಿಸುನೇಟ್ ಇಂಜೆಕ್ಷನ್ನು, ಆ ಜ್ವರವನ್ನು ದಿನವೂ ಕಾಣುವ ವೈದ್ಯರು. ಬಾಸೆಲ್ ಮಿಷನ್ನಿನ ಎರಡನೆಯ ತಂಡದ ಕತೆಯನ್ನೂ ಪೂರ್ತಿ ಹೇಳೋಣ. 1832ರಲ್ಲಿ ಆಂಡ್ರಿಯಾಸ್ ರೀಸ್ ಅವರ ಜೊತೆ ಬಂದಿಳಿದ ಐರೋಪ್ಯ ವೈದ್ಯರೇ ವಾರಗಳೊಳಗೆ ಸತ್ತರು. ಜ್ವರ ಹಿಡಿದ ರೀಸ್ ಬದುಕಿದ್ದು ಅಲ್ಲಿನ ನಾಟಿ ವೈದ್ಯರ ಆರೈಕೆಯಿಂದ.

ವಿಮೆಯೇ ಬೇಡ ಎನ್ನುತ್ತಿಲ್ಲ. ಘಾನಾದಲ್ಲಿ 2003ರ ಕಾಯ್ದೆಯಿಂದ ರಾಷ್ಟ್ರೀಯ ಆರೋಗ್ಯ ವಿಮೆ ಬಂದಿದೆ. ಕೆನ್ಯಾದಲ್ಲಿ 2024ರಲ್ಲಿ ಹೊಸ ಸಾಮಾಜಿಕ ಆರೋಗ್ಯ ವಿಮೆ ಶುರುವಾಗಿದೆ. ಸಂಬಳದಾರರ ಕಂತು ವರಮಾನದ ಶೇ. 2.75. ಇವು ದೊಡ್ಡ ಬಿಲ್ಲುಗಳಿಗೆ ಸಾಲವು, ಔಷಧ ಸಿಗದ ದಿನಗಳೂ ಇರುತ್ತವೆ. ಆದರೂ ಮೊದಲ ವಿಮೆ ಇದೇ ಆಗಲಿ, ಮನೆಯ ಎಲ್ಲರಿಗೂ ಆಗಲಿ. ಪೂರ್ವ ಆಫ್ರಿಕಾದಲ್ಲಾದರೆ ಅಮ್ರೆಫ್‌ಗೆ ವರ್ಷದ ಚಂದಾ ಕಟ್ಟಿ ವಿಮಾನದ ನೆರವು ಪಡೆಯಬಹುದು. ದುಬಾರಿ ಅಂತರರಾಷ್ಟ್ರೀಯ ಪಾಲಿಸಿಯ ಕಂತು ಕಟ್ಟುವ ಮೊದಲು ಪ್ರೊವಿನ್ಶಿಯಲ್ ಅವರು ಅಲ್ಲಿನ ಸಿಸ್ಟರುಗಳು, ಅಡುಗೆಯವರು, ಜೀಪಿನ ಡ್ರೈವರು, ಹೀಗೆ ಆ ಮನೆಯವರೆಲ್ಲರ ಹೆಸರು ಬರೆದು ಯಾರಿಗೆ ಯಾವ ವಿಮೆ ಇದೆ ಎಂದು ಕೇಳಲಿ. ಖಾಲಿ ಇರುವ ಹೆಸರುಗಳಿಗೆ ಮೊದಲು ಹಣ ಕಟ್ಟಲಿ.