ಹೊಸ ಗಣಕಯಂತ್ರದ ಮೊದಲ ಹದಿನೈದು ದಿನಗಳು

2025ರ ಅಕ್ಟೋಬರ್ 14ರಂದು ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಅವಶ್ಯವಾದ ಟಿಪಿಎಂ 2.0 ಭದ್ರತಾ ವ್ಯವಸ್ಥೆಯಾಗಲಿ, ನಿಗದಿತ ಪೀಳಿಗೆಯ ಪ್ರೊಸೆಸರ್ ಆಗಲಿ ಹಳೆಯ ಯಂತ್ರಗಳಲ್ಲಿ ಇಲ್ಲ. ಹೀಗಾಗಿ ಚೆನ್ನಾಗಿಯೇ ನಡೆಯುತ್ತಿದ್ದ ಗಣಕಯಂತ್ರಗಳನ್ನು ಬದಲಾಯಿಸಬೇಕಾದ ಅನಿವಾರ್ಯತೆ ಸಣ್ಣ ವರ್ತಕರಿಗೂ ಉದ್ದಿಮೆದಾರರಿಗೂ ಒದಗಿದೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು, 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಪಡೆದ ಈ ಭಾಗದಲ್ಲಿಯೂ ಸ್ಥಿತಿ ಬೇರೆಯಲ್ಲ. ರಾಮನಗರದ ರೀಲರ್‌ಗಳು, ಚನ್ನಪಟ್ಟಣದ ಬೊಂಬೆ ತಯಾರಕರು, ಕನಕಪುರ ಹಾಗೂ ಮಾಗಡಿಯ ಸಗಟು ವರ್ತಕರು, ಬಿಡದಿ ಮತ್ತು ಹಾರೋಹಳ್ಳಿಯ ಬಿಡಿಭಾಗ ತಯಾರಕರು ಎಲ್ಲರ ಲೆಕ್ಕಪತ್ರವೂ ಇಂದು ಯಂತ್ರದ ಒಳಗಿದೆ. ಜಿಲ್ಲೆಯ ಹೆಸರನ್ನು ಬದಲಾಯಿಸಿದಷ್ಟು ಸುಲಭವಾಗಿ ಈ ಲೆಕ್ಕಪತ್ರವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸಲಾಗದು.

ಹೊಸ ಯಂತ್ರವೆಂದರೆ ದೋಷವಿಲ್ಲದ ಯಂತ್ರ ಎಂಬ ನಂಬಿಕೆ ವರ್ತಕ ಸಮುದಾಯದಲ್ಲಿ ಬಲವಾಗಿದೆ. ಇದು ಸರಿಯಲ್ಲ. ವಿದ್ಯುನ್ಮಾನ ಉಪಕರಣಗಳು ಕೆಡುವ ಸಂಭವ ಆರಂಭದ ದಿನಗಳಲ್ಲಿ ಒಮ್ಮೆ ಹೆಚ್ಚಿರುತ್ತದೆ; ಆಯುಷ್ಯದ ಕೊನೆಯಲ್ಲಿ ಮತ್ತೊಮ್ಮೆ ಹೆಚ್ಚುತ್ತದೆ; ನಡುವಿನ ಕಾಲ ಶಾಂತವಾಗಿ ಸಾಗುತ್ತದೆ. ಇದನ್ನು ಯಂತ್ರಶಾಸ್ತ್ರ ಬಲ್ಲವರೆಲ್ಲರೂ ಒಪ್ಪುತ್ತಾರೆ. ಹೊಸ ಯಂತ್ರ ಬಂದ ದಿನವೇ ಹಳೆಯದನ್ನು ಅರ್ಧ ಬೆಲೆಗೆ ಮಾರಿ ಕೈತೊಳೆದುಕೊಳ್ಳುವ ಪದ್ಧತಿಯು ಆದ್ದರಿಂದ ವ್ಯಾಪಾರ ದೃಷ್ಟಿಯಿಂದಲೇ ತಪ್ಪು. ಕನಿಷ್ಠ ಹದಿನೈದು ದಿನಗಳ ಕಾಲ ಎರಡೂ ಯಂತ್ರಗಳು ಅಂಗಡಿಯಲ್ಲಿರಬೇಕು.

ಪಣಕ್ಕಿರುವುದು ಸಣ್ಣ ವಿಷಯವಲ್ಲ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಣಾ ಪತ್ರ ಸಲ್ಲಿಸಬೇಕಾದ ದಿನಾಂಕದಿಂದ 72 ತಿಂಗಳುಗಳ ಕಾಲ ಕಾಪಾಡಬೇಕು. ಪ್ರತಿ ತಿಂಗಳು ವಿವರಣಾ ಪತ್ರ ಸಲ್ಲಿಸುವವರಿಗೆ 11ನೇ ತಾರೀಖು ಹಾಗೂ 20ನೇ ತಾರೀಖು ತಪ್ಪುವಂತಿಲ್ಲ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿ. ಗಣಕಯಂತ್ರ ಕೆಟ್ಟಿತ್ತೆಂಬ ಕಾರಣಕ್ಕೆ ಈ ಶುಲ್ಕ ತಾನಾಗಿ ಮನ್ನಾ ಆಗುವುದಿಲ್ಲ.

ಇತ್ತೀಚೆಗೆ ಮಾರಾಟಗಾರರು ಹೊಸ ಯಂತ್ರದೊಂದಿಗೆ ಎರಡು ವಿಶೇಷಗಳನ್ನು ಮುಂದಿಡುತ್ತಾರೆ. ಒಂದು, ಎರಡು ಅಥವಾ ಹೆಚ್ಚು ಹಾರ್ಡ್ ಡಿಸ್ಕ್‌ಗಳನ್ನು ಜೋಡಿಸಿ ಒಂದೇ ಡಿಸ್ಕ್‌ನಂತೆ ಕೆಲಸ ಮಾಡಿಸುವ ವ್ಯವಸ್ಥೆ. ಎರಡು, ವೇಗದ ನೆಟ್‌ವರ್ಕ್ ಕಾರ್ಡ್, ಅಂದರೆ ಆಡುಮಾತಿನ ಲ್ಯಾನ್ ಕಾರ್ಡ್. ಹೊಸ ಯಂತ್ರದಲ್ಲಿ ಹೆಚ್ಚು ತೊಂದರೆ ಕೊಡುವವೂ ಈ ಎರಡೇ.

ಡಿಸ್ಕ್ ಜೋಡಣೆಯ ಈ ವಿಧಾನಕ್ಕೆ ರೇಡ್ ಎಂದು ಹೆಸರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಮಂಡಿಸಿದ ಪ್ರಬಂಧದಿಂದ ಈ ಹೆಸರು ರೂಢಿಗೆ ಬಂದಿತು. ದುಬಾರಿಯಾದ ಒಂದು ದೊಡ್ಡ ಡಿಸ್ಕ್‌ನ ಬದಲು ಅಗ್ಗದ ಹಲವು ಡಿಸ್ಕ್‌ಗಳನ್ನು ಒಟ್ಟುಗೂಡಿಸಬಹುದೆಂಬುದು ಅವರ ವಾದವಾಗಿತ್ತು. ಇದರಲ್ಲಿ ಹಲವು ಬಗೆಗಳಿವೆ. ರೇಡ್ 0 ಎಂಬುದರಲ್ಲಿ ಮಾಹಿತಿಯನ್ನು ತುಂಡು ಮಾಡಿ ಎರಡೂ ಡಿಸ್ಕ್‌ಗಳಿಗೆ ಹಂಚಿ ಬರೆಯಲಾಗುತ್ತದೆ. ವೇಗ ಹೆಚ್ಚು, ಆದರೆ ಒಂದು ಡಿಸ್ಕ್ ಹೋದರೆ ಎರಡರಲ್ಲಿದ್ದುದೂ ಹೋದಂತೆ. ರೇಡ್ 1ರಲ್ಲಿ ಒಂದರ ಪ್ರತಿಬಿಂಬ ಇನ್ನೊಂದರಲ್ಲಿರುತ್ತದೆ. ರೇಡ್ 5ಕ್ಕೆ ಕನಿಷ್ಠ ಮೂರು ಡಿಸ್ಕ್‌ಗಳು ಬೇಕು. ಲೆಕ್ಕ ಬರೆಯುವ ಯಂತ್ರದಲ್ಲಿ ರೇಡ್ 0ಗೆ ಸ್ಥಾನವೇ ಇರಬಾರದು. ಮೂರ್ನಾಲ್ಕು ಯಂತ್ರಗಳ ಅಂಗಡಿಗೆ ರೇಡ್ 5 ಸಹ ಅತಿಯಾಯಿತು. ಪ್ರತಿಬಿಂಬ ಪದ್ಧತಿಯೊಂದು ಸಾಕು. ಅದೂ ಕೂಡ ಪ್ರತ್ಯೇಕ ಬ್ಯಾಕಪ್ ಇದ್ದಲ್ಲಿ ಮಾತ್ರ. ಪ್ರತಿಬಿಂಬವು ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಗುಮಾಸ್ತರು ಕೈತಪ್ಪಿ ಒಂದು ವರ್ಷದ ಕಂಪನಿ ಖಾತೆಯನ್ನು ತೆಗೆದುಹಾಕಿದರೆ, ಅಥವಾ ಹಣ ಕೇಳುವ ವೈರಸ್ ಕಡತಗಳನ್ನು ಬೀಗ ಹಾಕಿದರೆ, ಎರಡೂ ಡಿಸ್ಕ್‌ಗಳಲ್ಲಿ ಒಂದೇ ಕ್ಷಣದಲ್ಲಿ ಅದು ನಡೆದುಹೋಗಿರುತ್ತದೆ. ಡಬಲ್ ಡಿಸ್ಕ್ ಇದೆ, ಬ್ಯಾಕಪ್ ಬೇಕಿಲ್ಲ ಎಂದು ಹೇಳುವ ಮಾರಾಟಗಾರರ ಮಾತನ್ನು ಒಪ್ಪಲಾಗದು.

ಇನ್ನು ತೊಂದರೆಯ ವಿಚಾರ. ಹೊಸ ಯಂತ್ರಗಳಲ್ಲಿ ಮಾಹಿತಿ ನಾಶವಾಗುವುದು ದೋಷದಿಂದ ಎನ್ನುವುದಕ್ಕಿಂತ, ದೋಷವನ್ನು ಸರಿಪಡಿಸುವ ಆತುರದಿಂದ ಎನ್ನುವುದು ಹೆಚ್ಚು ಸರಿ. ಸಾಮಾನ್ಯವಾಗಿ ನಡೆಯುವುದು ಹೀಗೆ. ಒಂದು ಬೆಳಿಗ್ಗೆ ಯಂತ್ರ ಏಳುವುದಿಲ್ಲ. ಡಿಸ್ಕ್ ಸಿಗುತ್ತಿಲ್ಲವೆಂಬ ಸಂದೇಶ ಕಾಣುತ್ತದೆ. ಕರೆಸಿದ ತಂತ್ರಜ್ಞನಿಗೆ ಒಂದು ಜೋಡಣೆಯ ಬದಲು ಎರಡು ಬಿಡಿ ಡಿಸ್ಕ್‌ಗಳು ಕಾಣುತ್ತವೆ. ಜೋಡಣೆ ಮುರಿದಿದೆಯೆಂದು ತಿಳಿದು ಆತನು ಹೊಸದಾಗಿ ಜೋಡಣೆ ರಚಿಸುತ್ತಾನೆ, ಇಲ್ಲವೇ ಇನಿಷಿಯಲೈಸ್ ಎಂಬ ಗುಂಡಿ ಒತ್ತುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು. ವಾಸ್ತವದಲ್ಲಿ ಆಗಿರುವುದು ಬಯೋಸ್ ಪರಿಷ್ಕರಣೆಯಿಂದಲೋ, ಮದರ್‌ಬೋರ್ಡ್‌ನ ಸಣ್ಣ ಬ್ಯಾಟರಿ ಸಡಿಲವಾದುದರಿಂದಲೋ ಡಿಸ್ಕ್ ಕ್ರಮವು ರೇಡ್‌ನಿಂದ ಎಎಚ್‌ಸಿಐಗೆ ಹಿಂತಿರುಗಿರುವುದು ಅಷ್ಟೇ ಆಗಿರಬಹುದು. ಬಯೋಸ್‌ನಲ್ಲಿ ಆ ಒಂದು ಆಯ್ಕೆಯನ್ನು ಮೊದಲಿನಂತೆ ಮಾಡಿದರೆ ಡಿಸ್ಕ್‌ಗಳಲ್ಲಿಯೇ ಬರೆದಿಟ್ಟ ಜೋಡಣೆಯ ವಿವರವನ್ನು ಯಂತ್ರ ತಾನೇ ಓದಿಕೊಳ್ಳುತ್ತದೆ. ಆದಕಾರಣ ಡಿಸ್ಕ್ ಕಾಣದಾದಾಗ ಯಾವ ಪ್ರಶ್ನೆಗೂ ಹೌದು ಎಂದು ಉತ್ತರಿಸದೆ ಯಂತ್ರವನ್ನು ನಿಲ್ಲಿಸಿ, ಬಯೋಸ್‌ನ ಕ್ರಮವನ್ನು ಮೊದಲು ನೋಡುವುದು ಉಚಿತ. ಬಯೋಸ್ ಮುಟ್ಟುವ ಮುನ್ನ ಮತ್ತೊಂದು ಎಚ್ಚರಿಕೆಯೂ ಅವಶ್ಯ: ವಿಂಡೋಸ್ 11ರ ಹೊಸ ಯಂತ್ರಗಳಲ್ಲಿ ಬಿಟ್‌ಲಾಕರ್ ಗೂಢಲಿಪಿ ಮಾಲೀಕರಿಗೆ ತಿಳಿಯದಂತೆಯೇ ಚಾಲನೆಯಲ್ಲಿರಬಹುದು. ಆಗ 48 ಅಂಕಿಗಳ ಕೀಲಿಯನ್ನು ಯಂತ್ರ ಕೇಳುತ್ತದೆ. ಅದನ್ನು ಖರೀದಿಯ ದಿನವೇ ಕಾಗದದ ಮೇಲೆ ಬರೆದು ಬಿಲ್ಲಿನೊಂದಿಗೆ ಇಟ್ಟಿರಬೇಕು.

ವಿಂಡೋಸ್ ಅನ್ನು ಹೊಸದಾಗಿ ಹಾಕುವಾಗ ಒಂದು ಡಿಸ್ಕ್ ಕೂಡ ಕಾಣದಿರುವುದು ಇನ್ನೊಂದು ಸಾಮಾನ್ಯ ದೂರು. ಇಂಟೆಲ್ 11ನೇ ಪೀಳಿಗೆಯಿಂದ ಈಚಿನ ಅನೇಕ ಯಂತ್ರಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಇದ್ದು, ಅದರ ಡ್ರೈವರ್ ತಂತ್ರಾಂಶವನ್ನು ಪೆನ್ ಡ್ರೈವ್‌ನಿಂದ ಕೊಟ್ಟ ಮೇಲಷ್ಟೇ ಡಿಸ್ಕ್‌ಗಳು ಗೋಚರಿಸುತ್ತವೆ. ಡಿಸ್ಕ್ ಸತ್ತಿದೆಯೆಂದು ಹೊಸದನ್ನು ಕೊಳ್ಳುವ ಅವಶ್ಯಕತೆಯಿಲ್ಲ.

ಜೋಡಣೆಯಿಂದ ಒಂದು ಡಿಸ್ಕ್ ಪದೇ ಪದೇ ಹೊರಬೀಳುತ್ತಿದ್ದರೆ ಮೊದಲ ಅನುಮಾನ ಕೇಬಲ್ ಮೇಲಿರಬೇಕು. ಡಿಸ್ಕ್ ತನ್ನ ಆರೋಗ್ಯದ ವಿವರವನ್ನು ಸ್ಮಾರ್ಟ್ ಎಂಬ ದಾಖಲೆಯಲ್ಲಿ ತಾನೇ ಬರೆದುಕೊಳ್ಳುತ್ತದೆ. ಉಚಿತ ತಂತ್ರಾಂಶಗಳಿಂದ ಅದನ್ನು ಯಾರೂ ಓದಬಹುದು. ಅದರಲ್ಲಿ ಸಿಆರ್‌ಸಿ ದೋಷಗಳ ಸಂಖ್ಯೆ ಏರುತ್ತಿದ್ದು ಉಳಿದವು ಸ್ಥಿರವಾಗಿದ್ದರೆ ನೂರಿನ್ನೂರು ರೂಪಾಯಿಯ ಸಾಟಾ ಕೇಬಲ್ ಬದಲಾಯಿಸಿದರೆ ಆಯಿತು. ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಮಾತ್ರ ಡಿಸ್ಕ್ ಅನ್ನು ವಾರಂಟಿಗೆ ಕಳುಹಿಸಬೇಕು. ಡಿಸ್ಕ್‌ನ ಜಾತಿಯೂ ಮುಖ್ಯ. ಪಥಗಳನ್ನು ಒಂದರ ಮೇಲೊಂದು ಹೆಂಚಿನಂತೆ ಹೊದಿಸಿ ಬರೆಯುವ ಎಸ್‌ಎಂಆರ್ ಡಿಸ್ಕ್‌ಗಳು ಜೋಡಣೆಯನ್ನು ಪುನಃ ಕಟ್ಟುವಾಗ ಬಹಳ ನಿಧಾನವಾಗುತ್ತವೆ. ಜೋಡಣೆಗೆಂದೇ ಮಾರುವ ರೆಡ್ ಸರಣಿಯ ಕೆಲವು ಡಿಸ್ಕ್‌ಗಳಲ್ಲಿ ಈ ವಿಧಾನ ಬಳಸಿರುವುದನ್ನು ವೆಸ್ಟರ್ನ್ ಡಿಜಿಟಲ್ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಒಪ್ಪಿಕೊಂಡದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಪುನಃ ಕಟ್ಟುವಾಗ ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂಬುದನ್ನು ಕ್ರಮಸಂಖ್ಯೆ ನೋಡಿಯೇ ಆರಿಸಬೇಕು. ದಿಕ್ಕು ತಪ್ಪಿದರೆ ಖಾಲಿ ಡಿಸ್ಕ್‌ನ ಪ್ರತಿಬಿಂಬವು ತುಂಬಿದ ಡಿಸ್ಕ್‌ನ ಮೇಲೆ ಮೂಡುತ್ತದೆ.

ಲ್ಯಾನ್ ಕಾರ್ಡ್‌ನ ತೊಂದರೆಯು ನೋಡಲು ಸಣ್ಣದು, ಪರಿಣಾಮದಲ್ಲಿ ದೊಡ್ಡದು. 1986ರಲ್ಲಿ ಆರಂಭವಾದ ಬೆಂಗಳೂರಿನ ಟ್ಯಾಲಿ ಸಂಸ್ಥೆಯ ತಂತ್ರಾಂಶವನ್ನೇ ಅನೇಕ ಅಂಗಡಿಗಳು ಅವಲಂಬಿಸಿವೆ. ಒಂದು ಯಂತ್ರದಲ್ಲಿ ದತ್ತಾಂಶವಿದ್ದು, ಉಳಿದ ಯಂತ್ರಗಳು ಕೇಬಲ್ ಮೂಲಕ ಅದರಲ್ಲಿ ಬರೆಯುವುದು ರೂಢಿ. ವೋಚರ್ ಉಳಿಸುವ ಕ್ಷಣದಲ್ಲಿ ಸಂಪರ್ಕ ಕಡಿದರೆ ದತ್ತಾಂಶವೇ ಕೆಡಬಹುದು. ತಂತ್ರಾಂಶದಲ್ಲಿ ರಿಪೇರಿ ಸೌಲಭ್ಯವಿದೆ. ಆದರೆ ಅದನ್ನು ನಡೆಸುವ ಮುನ್ನ ಆ ಸ್ಥಿತಿಯಲ್ಲಿಯೇ ಒಂದು ನಕಲು ತೆಗೆದಿಡದವರು ಪಶ್ಚಾತ್ತಾಪ ಪಡಬೇಕಾಗುತ್ತದೆ.

ಹೊಸ ಯಂತ್ರಕ್ಕೆ ಲ್ಯಾನ್ ಕಾರ್ಡ್‌ನ ಡ್ರೈವರ್ ಇಲ್ಲ. ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಇಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯಂತಹ ಈ ಪರಿಸ್ಥಿತಿಗೆ ಪರಿಹಾರ ಒಂದು ಪೆನ್ ಡ್ರೈವ್ ಮಾತ್ರ. ಮಾರಾಟಗಾರರಿಂದ ಅದನ್ನು ಕೇಳಿ ಪಡೆಯಬೇಕು. ಸಂಪರ್ಕವಿದ್ದೂ ವೇಗವಿಲ್ಲದಿದ್ದರೆ ಕಾರ್ಡ್ ಎಷ್ಟು ವೇಗಕ್ಕೆ ಒಪ್ಪಿಕೊಂಡಿದೆಯೆಂದು ನೋಡಬೇಕು. 1000 ಮೆಗಾಬಿಟ್ ವೇಗಕ್ಕೆ ಕೇಬಲ್‌ನ ನಾಲ್ಕು ಜೋಡಿ ತಂತಿಗಳೂ ಬೇಕು. 100ಕ್ಕೆ ಎರಡು ಜೋಡಿ ಸಾಕು. ಗೋದಾಮಿನಲ್ಲಿ ಇಲಿ ಒಂದು ತಂತಿ ಕಡಿದಿದ್ದರೂ ಯಂತ್ರ ಸುಮ್ಮನೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತದೆ, ದೂರು ಮಾತ್ರ ಕಾರ್ಡ್‌ನ ಮೇಲೆ ಬರುತ್ತದೆ. ಕಾರ್ಡ್‌ನದೇ ತಪ್ಪಿರುವ ಸಂದರ್ಭಗಳೂ ಇಲ್ಲದಿಲ್ಲ. ಇಂಟೆಲ್‌ನ ಐ225 ಎಂಬ 2.5 ಗಿಗಾಬಿಟ್ ಚಿಪ್‌ನ ಆರಂಭಿಕ ಆವೃತ್ತಿಯಲ್ಲಿ ದೋಷವಿರುವುದು 2020ರಲ್ಲಿ ಹೊರಬಿತ್ತು. ಕೆಲವು ಸ್ವಿಚ್‌ಗಳೊಂದಿಗೆ ಅದು ಮಾಹಿತಿಯನ್ನು ಕಳೆಯುತ್ತಿತ್ತು. ವೇಗವನ್ನು 1 ಗಿಗಾಬಿಟ್‌ಗೆ ಇಳಿಸುವುದೇ ಅಂದಿನ ತಾತ್ಕಾಲಿಕ ಪರಿಹಾರವಾಗಿತ್ತು. ವಿದ್ಯುತ್ ಉಳಿತಾಯದ ಆಯ್ಕೆಗಳಿಂದ ಸಂಪರ್ಕ ಆಗಾಗ ಕಡಿಯುವುದೂ ಉಂಟು. ಅವನ್ನು ನಿಲ್ಲಿಸಿ ನೋಡಬಹುದು.

ಇದಕ್ಕಿಂತ ದಾರಿ ತಪ್ಪಿಸುವ ತೊಂದರೆ ಇನ್ನೊಂದಿದೆ. 2024ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಯಂತ್ರಗಳು ಗುಪ್ತಪದವಿಲ್ಲದ ಹಂಚಿಕೆ ಕಡತಕೋಶಗಳನ್ನು ತೆರೆಯಲು ಒಪ್ಪುವುದಿಲ್ಲ. ಹಳೆಯ ಯಂತ್ರದಲ್ಲಿ ನಿನ್ನೆಯವರೆಗೆ ತೆರೆಯುತ್ತಿದ್ದ ಟ್ಯಾಲಿ ಕಡತಕೋಶ ಹೊಸದರಲ್ಲಿ ತೆರೆಯದಿದ್ದರೆ ಕಾರ್ಡ್ ಬದಲಾಯಿಸಿ ಪ್ರಯೋಜನವಿಲ್ಲ. ದತ್ತಾಂಶವಿರುವ ಯಂತ್ರದಲ್ಲಿ ಬಳಕೆದಾರರ ಹೆಸರು, ಗುಪ್ತಪದಗಳನ್ನು ರಚಿಸುವುದೇ ಸರಿಯಾದ ಮಾರ್ಗ. ಭದ್ರತೆಯನ್ನು ಸಡಿಲಿಸಿ ಕೆಲಸ ಮುಗಿಸಿಕೊಡುವ ತಂತ್ರಜ್ಞರಿದ್ದಾರೆ. ಅವರಿಗೆ ಕೊಟ್ಟ ಹಣ ಉಳಿತಾಯವಲ್ಲ.

ಸ್ಥಳೀಯ ಪರಿಸರವನ್ನು ಕಂಪನಿಯ ಕೈಪಿಡಿಗಳು ಅರಿಯವು. ಚನ್ನಪಟ್ಟಣದ ಬೊಂಬೆ ಕಾರ್ಖಾನೆಗಳಲ್ಲಿ ಹಾಲೆ ಮರದ ಹೊಟ್ಟು, ರೀಲಿಂಗ್ ಘಟಕಗಳಲ್ಲಿ ಗೂಡು ಬೇಯಿಸುವ ಹಬೆ, ಕನಕಪುರದ ಕಡೆ ಕಲ್ಲಿನ ಧೂಳು ಇವೆಲ್ಲ ಫ್ಯಾನಿನ ಮೂಲಕ ಯಂತ್ರದ ಒಳಸೇರುತ್ತವೆ. ಡಿಸ್ಕ್ ಜೋಡಣೆಯ ಯಂತ್ರವನ್ನು ಕೆಲಸದ ಕೊಠಡಿಯಲ್ಲಿ ಇಡಬಾರದು. ಏಪ್ರಿಲ್, ಮೇ ತಿಂಗಳುಗಳ ಸಿಡಿಲು ಮಳೆಯಲ್ಲಿ ಅಂಗಡಿಯಿಂದ ಹಿಂದಿನ ಗೋದಾಮಿಗೆ ಬಯಲಲ್ಲಿ ಎಳೆದ ತಾಮ್ರದ ಕೇಬಲ್ ಮೂಲಕ ಲ್ಯಾನ್ ಕಾರ್ಡ್‌ಗಳು ಸುಡುತ್ತವೆ. ಎರಡು ಕಟ್ಟಡಗಳ ನಡುವೆ ಫೈಬರ್ ಎಳೆಸುವುದು ಲೇಸು. ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಡಿಸ್ಕ್ ಜೋಡಣೆ ಇಟ್ಟುಕೊಳ್ಳುವುದು ವ್ಯರ್ಥ. ಏಷ್ಯಾದಲ್ಲಿಯೇ ದೊಡ್ಡದೆನಿಸಿದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜು ವಿದ್ಯುನ್ಮಾನ ಪದ್ಧತಿಗೆ ಬಂದಿರುವಾಗ, ಅದೇ ಗೂಡನ್ನು ಕೊಂಡವರ ಲೆಕ್ಕದ ಯಂತ್ರ ಹಬೆಯ ಪಕ್ಕದಲ್ಲಿರುವುದು ವಿಪರ್ಯಾಸವೇ ಸರಿ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಂತ್ರ ಜೋಡಿಸಿ ತರುವವರು ಬಹಳ. ಇದರಲ್ಲಿ ತಪ್ಪಿಲ್ಲ, ಬೆಲೆ ಕಡಿಮೆ, ಆಯ್ಕೆ ಹೆಚ್ಚು. ಆದರೆ ಶೇ. 18ರ ತೆರಿಗೆ ಉಳಿಸಲು ಬಿಲ್ಲಿಲ್ಲದೆ ಕೊಳ್ಳುವುದು ನೋಂದಾಯಿತ ವರ್ತಕರಿಗೆ ಅರ್ಥವಿಲ್ಲದ ಉಳಿತಾಯ. ರಾಜಿ ತೆರಿಗೆ ಪದ್ಧತಿಯಲ್ಲಿರುವವರನ್ನು ಬಿಟ್ಟು ಉಳಿದವರಿಗೆ ಆ ತೆರಿಗೆ ಹೂಡುವಳಿಯಾಗಿ ಹಿಂತಿರುಗುತ್ತದೆ. ಬಿಲ್ಲಿಲ್ಲದ ಡಿಸ್ಕ್ ಕೆಟ್ಟರೆ ವಾರಂಟಿ ಕೇಳುವುದು ಕಷ್ಟ.

ಯಂತ್ರ ಒಪ್ಪಿಸುವಾಗ ಮಾರಾಟಗಾರರು ಒಂದು ಹಾಳೆ ಕೊಡಬೇಕೆಂದು ನಾಲ್ಕೂ ಪಟ್ಟಣಗಳ ವರ್ತಕ ಸಂಘಗಳು ಒಟ್ಟಾಗಿ ಒತ್ತಾಯಿಸುವುದು ಯೋಗ್ಯ. ಜೋಡಣೆಯ ಬಗೆ, ಬಯೋಸ್‌ನ ಡಿಸ್ಕ್ ಕ್ರಮ, ಪ್ರತಿ ಡಿಸ್ಕ್‌ನ ಕ್ರಮಸಂಖ್ಯೆ ಮತ್ತು ಅದು ಕೂತಿರುವ ಸ್ಥಾನ, ಲ್ಯಾನ್ ಕಾರ್ಡ್‌ನ ಚಿಪ್ ಹಾಗೂ ಡ್ರೈವರ್ ಆವೃತ್ತಿ ಅದರಲ್ಲಿರಬೇಕು. ಒಂದು ಡಿಸ್ಕ್‌ನ ಕೇಬಲ್ ಕಳಚಿ ಯಂತ್ರ ನಡೆಯುವುದನ್ನೂ, ಮರಳಿ ಜೋಡಿಸಿದ ಮೇಲೆ ಪ್ರತಿಬಿಂಬ ಪೂರ್ಣವಾಗುವುದನ್ನೂ, ದೊಡ್ಡ ಕಡತವೊಂದು ಎರಡು ಯಂತ್ರಗಳ ನಡುವೆ ತಡೆಯಿಲ್ಲದೆ ಹೋಗಿಬರುವುದನ್ನೂ ಲೆಕ್ಕಪತ್ರ ತುಂಬುವ ಮುನ್ನವೇ ಖರೀದಿದಾರರ ಎದುರು ತೋರಿಸಬೇಕು. ಇದಕ್ಕೆ ಅರ್ಧ ದಿನ ಸಾಕು. ಪರೀಕ್ಷೆಗೆ ಒಪ್ಪದ ಮಾರಾಟಗಾರರಿಗೆ ಪೂರ್ಣ ಹಣ ಸಂದಾಯ ಮಾಡುವ ಅವಶ್ಯಕತೆಯಿಲ್ಲ. ಹದಿನೈದು ದಿನ ಕಳೆಯುವವರೆಗೆ ಶೇ. 10ರಷ್ಟನ್ನು ತಡೆಹಿಡಿಯುವ ಷರತ್ತನ್ನು ಖರೀದಿ ಆದೇಶದಲ್ಲಿಯೇ ಬರೆಯಬಹುದು.